ಕಾನಸೂರಿಗೆ ಹೋದ ಬೀಗ

ಒಳ್ಳೆಯ ಬೀಗವನ್ನು ಕಂಡರೆ ನನಗೆ ಈಗಲೂ ಒಂದು ಬಗೆಯ ಭಯಭಕ್ತಿ. ದೇವರ ಮುಂದೆ ನಿಂತಾಗ ನನ್ನ ಮನಸ್ಸು ಊಟದ ಕಡೆಗೆ ಹರಿಯುವುದುಂಟು. ಬೀಗದ ಮುಂದೆ ಮಾತ್ರ ಅದು ಅಲುಗಾಡುವುದಿಲ್ಲ. ಇದಕ್ಕೆಲ್ಲ ಕಾರಣ ಮಾವನವರು ಮದುವೆಯಲ್ಲಿ ಕೊಟ್ಟ ಸೈಕಲ್ಲು.

ಕಾನಸೂರಿನ ನನ್ನ ಮಾವನವರು ಇಬ್ಬರು ಅಳಿಯಂದಿರಿಗೂ ಸೈಕಲ್ಲು ಕೊಟ್ಟು, ಎರಡರ ಮೇಲೂ ತಮ್ಮ ಹೆಸರನ್ನೂ ಊರನ್ನೂ ಬಿಳಿ ಬಣ್ಣದಲ್ಲಿ ಬರೆಸಿದ್ದರು. ಯಲ್ಲಾಪುರದಲ್ಲಿದ್ದ ನನ್ನ ಷಡ್ಡಕ ತನ್ನದನ್ನು ಚಹಾದಂಗಡಿಯ ಮುಂದೆ ಒರಗಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಯಾರೋ ಹತ್ತಿಕೊಂಡು ಹೋಗಿದ್ದರು. ಅಂದಿನಿಂದ ಮಾವನ ಮನೆಯ ಪಂಕ್ತಿಯಲ್ಲಿ ಅವನ ಎಲೆ ಮಾವನವರ ಪಕ್ಕದಿಂದ ಜಾರುತ್ತ ಜಾರುತ್ತ ಬಾಗಿಲ ಬಳಿಗೆ ಬಂತು. ತುಪ್ಪದ ಮಿಳ್ಳೆ ಅಲ್ಲಿಗೆ ಬರುವುದರೊಳಗೆ ಬರಿದಾಗಿರುತ್ತಿತ್ತು. ನನ್ನ ಎಲೆ ಇನ್ನೂ ಮಾವನವರ ಪಕ್ಕದಲ್ಲೇ ಇತ್ತು. ಅದು ಅಲ್ಲೇ ಉಳಿಯಬೇಕಾದರೆ ಬೀಗ ಬೇಕೇ ಬೇಕೆಂದು ಹೆಂಡತಿ ಪಟ್ಟು ಹಿಡಿದಳು.

ಶಿರಸಿ ಪೇಟೆಯ ಸೈಕಲ್ ಅಂಗಡಿಯ ಸಾಹೇಬರು ಮೊದಲು ಹಿಂದಿನ ಚಕ್ರಕ್ಕೆ ಕೂರಿಸುವ ಬೀಗ ತೋರಿಸಿದರು. ಮುದ್ದಾಗಿತ್ತು. "ಇದು ಮರ್ಯಾದಸ್ಥರಿಗೆ ಸರಿ ಮಾಸ್ತರರೇ. ಕಳ್ಳ ಸೈಕಲ್ಲನ್ನೇ ಹೊತ್ಕೊಂಡು ಹೋಗ್ತಾನೆ" ಎಂದು ಅವರೇ ಅದನ್ನು ಒಳಗಿಟ್ಟು, ಒಂದು ಸರಪಳಿಯನ್ನೂ ಹಿತ್ತಾಳೆಯ ಬೀಗವನ್ನೂ ಎರಡೂ ಕೈಯಲ್ಲಿ ಎತ್ತಿ ತಂದರು. ಬೀಗ ನನ್ನ ಅಂಗೈ ತುಂಬಿತು. ಹಾಕಲು ಬೀಗದಕೈ ಬೇಡ, ಒತ್ತಿದರೆ ಸಾಕು, ಟಕ್ಕೆಂದು ಬೀಳುತ್ತಿತ್ತು. ಆ ಸದ್ದಿಗೆ ನನ್ನ ಮೈ ಜುಮ್ಮೆಂದಿತು. "ಆದ್ರೆ ಯಾವ್ದಾದ್ರೂ ಭಾರದ ವಸ್ತುವಿಗೆ ಸೇರಿಸಿ ಹಾಕಿ" ಎಂದರು ಸಾಹೇಬರು.

ಮಂಗಳವಾರದ ಸಂತೆಯಲ್ಲಿ ಹುಡುಕಿ ಹುಡುಕಿ, ಎತ್ತು ಬಿಚ್ಚಿ ನಿಲ್ಲಿಸಿದ್ದ, ಉಪ್ಪಿನ ಮೂಟೆ ಹೇರಿದ್ದ ಗಾಡಿಯೊಂದನ್ನು ಕಂಡೆ. ಅದಕ್ಕಿಂತ ಭಾರದ ವಸ್ತು ಇಡೀ ಪೇಟೆಯಲ್ಲಿರಲಿಲ್ಲ. ಗಾಡಿಯ ಹಿಂಬದಿಯ ಅಡ್ಡಮರಕ್ಕೆ ಸೈಕಲ್ಲನ್ನು ಸೇರಿಸಿ ಬೀಗ ಒತ್ತಿ, ನೆಮ್ಮದಿಯಿಂದ ದೋಸೆ ತಿನ್ನಲು ಹೋದೆ. ಬಂದು ನೋಡಿದರೆ ಸೈಕಲ್ಲೂ ಇಲ್ಲ, ಗಾಡಿಯೂ ಇಲ್ಲ.

"ಹನುಮನ ಗಾಡಿಯಾ? ಕಾನಸೂರಿಗೆ ಹೋತು" ಎಂದ ಪಕ್ಕದ ಗಾಡಿಯವನು. ಬಾಗಿಲ ಬಳಿಯ ಎಲೆ ನನ್ನ ಕಣ್ಣ ಮುಂದೆ ಬಂದಿತು.

ಸಂಜೆಯ ಬಸ್ಸಿಗೆ ಕಾನಸೂರಿನಲ್ಲಿಳಿದರೆ, ಗಾಡಿ ಮಾವನವರ ಅಂಗಳದಲ್ಲೇ ನಿಂತಿತ್ತು. ಮೂಟೆಗಳ ಮೇಲೆ ನನ್ನ ಸೈಕಲ್ಲು, ಸುತ್ತ ಅರ್ಧ ಊರು. ಸಂತೆಯಿಂದ ಊರಿಗೆ ಏನಾದರೂ ಕಳಿಸುವವರು ಆ ಕಡೆ ಹೋಗುವ ಗಾಡಿಗೆ ಅದನ್ನು ಕಟ್ಟಿಬಿಡುವುದು, ಹೆಸರು ನೋಡಿ ಗಾಡಿಯವನು ಮುಟ್ಟಿಸುವುದು ನಮ್ಮಲ್ಲಿ ವಾಡಿಕೆ. ಬೀಗದ ಗುಂಗಿನಲ್ಲಿ ಅದೇ ನನಗೆ ಮರೆತುಹೋಗಿತ್ತು.

"ಕಟ್ಟಿದ್ದು ಅಂದ್ರೆ ಕಳಿಸೂಕೇ ಅಲ್ರಾ ಒಡೆಯಾ? ಹೆಸ್ರೂ ಇತ್ತು" ಎಂದ ಹನುಮ.

ಅಳಿಯ ಉಡುಗೊರೆಯನ್ನು ಹಿಂತಿರುಗಿಸಿದನೆಂದು ಅತ್ತೆಯವರ ಕಣ್ಣಲ್ಲಿ ನೀರು. "ಆನು ಕಳಿಸಿದ್ದಲ್ಲ ಮಾವ" ಎಂದು ತೊದಲಿದೆ. ಮಾವನವರಿಗೆ ಕೇಳಿಸಲೇ ಇಲ್ಲ. ಅವರು ಬೀಗವನ್ನೇ ನೋಡುತ್ತಿದ್ದರು. ಸುತ್ತಿಗೆ, ಹಾರೆ ಎರಡೂ ಸೋತು ಕೆಳಗೆ ಬಿದ್ದಿದ್ದವು. ನಾನು ಬೀಗದಕೈ ತಿರುವಿದೆ. ಬೀಗ ಮೆತ್ತಗೆ ಬಾಯಿ ಬಿಟ್ಟಿತು.

"ಎಂತಾ ಬೀಗ ಮಾರಾಯಾ" ಎಂದರು ಮಾವನವರು. "ಸೈಕಲ್ ನೀನೇ ಇಟ್ಗ. ಬೀಗ ಎಂಗಿರ್ಲಿ" ಎಂದು ಅದನ್ನು ತಮ್ಮ ಕೈಗೆ ತೆಗೆದುಕೊಂಡರು.

ಆ ರಾತ್ರಿ ನನ್ನ ಎಲೆ ಅವರ ಪಕ್ಕದಲ್ಲೇ ಇತ್ತು, ತುಪ್ಪ ಮತ್ತೆ ಮತ್ತೆ ಬಿತ್ತು. ಬೆಳಿಗ್ಗೆ ಆಸರಿ, ತಿಂಡಿ ಮುಗಿದ ಮೇಲೆ ಮಾವನವರು ಎಲ್ಲರನ್ನೂ ಕರೆದು ಉಗ್ರಾಣದ ಬಾಗಿಲಿಗೆ ಬೀಗ ಹಾಕಿ ಒತ್ತಿದರು. ಟಕ್ಕೆಂಬ ಸದ್ದಿಗೆ ಅತ್ತೆಯವರು ಕೈ ಮುಗಿದೇಬಿಟ್ಟರು. ನಾನು ಎದೆಯುಬ್ಬಿಸಿಕೊಂಡು ಶಿರಸಿಗೆ ತುಳಿದೆ. ಮನೆಗೆ ಬಂದು, ಹೆಂಡತಿಗೆ ಕಥೆಯೆಲ್ಲ ಹೇಳಿ ಅಂಗಿ ಕಳಚುವಾಗ ಜೇಬಿನಲ್ಲಿ ಬೀಗದಕೈ ಸಿಕ್ಕಿತು.

ಅಕ್ಕಿ, ಬೇಳೆ, ಬೆಲ್ಲ, ಆ ತುಪ್ಪ, ಎಲ್ಲವೂ ಉಗ್ರಾಣದೊಳಗೆ. ಆ ಬೀಗ ಯಾವ ಹಾರೆಗೂ ಬಗ್ಗದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಮತ್ತೆ ಸೈಕಲ್ಲು ಹತ್ತಿದೆ. ಷಡ್ಡಕ ಪಾಪ, ಒಂದು ಸೈಕಲ್ಲು ಮಾತ್ರ ಕಳೆದಿದ್ದ. ನಾನು ಇಡೀ ಮನೆಯನ್ನೇ ಉಪವಾಸ ಕೆಡವಿ ಬಂದಿದ್ದೆ. ಬಾಗಿಲ ಬಳಿ ಇನ್ನೊಂದು ಎಲೆಗೆ ಜಾಗವಿದೆಯೇ ಎಂದು ಕಾನಸೂರಿನವರೆಗೂ ಲೆಕ್ಕ ಹಾಕುತ್ತ ತುಳಿದೆ.