ಜೋಡಿಗೆ ಬಂದವರು

ಭರಮಪ್ಪನ ಪೀಕಲಾಟಕ್ಕೆ ಕಾರಣ ಒಂದು ಕೆಮ್ಮು. ಅದೂ ಅವನದಲ್ಲ, ಹೆಂಡತಿ ಬಾಳವ್ವನದು. ಆ ಗುರುವಾರ ಬೆಳಿಗ್ಗೆ ಒಗ್ಗರಣೆಯ ಘಾಟಿಗೆ ಅವಳು ಎರಡು ಸಲ ಕೆಮ್ಮಿದಳು, ಅಷ್ಟೇ. ಗಡಹಿಂಗ್ಲಜದ ಪೇಟೆಗೆ ಮೆಣಸಿನಕಾಯಿ ಹಾಕುವ ವ್ಯಾಪಾರಿಯ ಮನೆಯಲ್ಲಿ ಕೆಮ್ಮು ಒಂದು ಸುದ್ದಿಯೇ ಅಲ್ಲ. ಅಲ್ಲಿ ಬೆಕ್ಕು ಕೂಡ ಕೆಮ್ಮುತ್ತದೆ. ಆದರೆ ಭರಮಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿ ಎದ್ದು ನಿಂತ.

"ಇವತ್ತ ಡಾಕ್ಟರಬಾಯಿ ಬರೂ ದಿನ. ಹೋಗಿ ತೋರಿಸ್ಕೊಂಡ ಬರೂಣು ನಡಿ."

"ನನಗೇನ ಧಾಡಿ ಆಗೇತಿ? ಸುಮ್ಮ ಉಣ್ಣರಿ," ಎಂದಳು ಬಾಳವ್ವ.

ಆಗ ಮೂವತ್ತೆಂಟನೆಯ ಇಸವಿ. ಎರಡು ತಿಂಗಳಿಂದ ಪ್ರತಿ ಗುರುವಾರ ಕೊಲ್ಲಾಪುರದಿಂದ ಒಬ್ಬ ಡಾಕ್ಟರಬಾಯಿ ಗಡಹಿಂಗ್ಲಜದ ದವಾಖಾನೆಗೆ ಬಂದು ಹೆಂಗಸರನ್ನು ನೋಡುತ್ತಿದ್ದರು. ಬೇನೆ ಇದ್ದವರಷ್ಟೇ ಅಲ್ಲ, ಇಲ್ಲದವರೂ ವರ್ಷಕ್ಕೊಮ್ಮೆ ಮೈ ತೋರಿಸಿಕೊಂಡು ಹೋಗಬೇಕೆಂದು ಅವರ ಹುಕುಮು. ಊರಿನ ಹೆಂಗಸರಿಗೆ ಇದು ವಿಚಿತ್ರವಾಗಿ ಕಂಡಿತು. ಏನೂ ಆಗದೆ ದವಾಖಾನೆಗೆ ಹೋಗುವುದೆಂದರೆ ಹಸಿವಿಲ್ಲದೆ ಪಂಕ್ತಿಯಲ್ಲಿ ಕೂತಂತೆ ಎಂದು ನಕ್ಕರು.

ಭರಮಪ್ಪನಿಗೆ ಮಾತ್ರ ನಗು ಬರಲಿಲ್ಲ. ಮೂರು ವರ್ಷದ ಕೆಳಗೆ ಬಾಳವ್ವನ ಅಕ್ಕ ಕುರುಂದವಾಡದಲ್ಲಿ ತೀರಿಹೋಗಿದ್ದಳು. ಎದೆಯಲ್ಲಿ ಕಡಲೆಯಷ್ಟು ಗಂಟು ಎದ್ದದ್ದನ್ನು ನಾಚಿಕೆಗೆ ಯಾರಿಗೂ ಹೇಳದೆ ಒಂದು ವರ್ಷ ಸೆರಗಿನಡಿ ಮುಚ್ಚಿಟ್ಟಿದ್ದಳು. ಮಿರಜಿಗೆ ಒಯ್ಯುವ ಹೊತ್ತಿಗೆ ಕಾಲ ಮೀರಿತ್ತು. ಬಾಳವ್ವನಿಗೂ ಹಾಗಾದರೆ? ಇಪ್ಪತ್ತೆರಡು ವರ್ಷ ಜಗಳಾಡಿಕೊಂಡು ಜೊತೆಗಿದ್ದವಳು ಇಲ್ಲದ ಮನೆಯಲ್ಲಿ ಮನುಷ್ಯ ಯಾರ ಸಂಗಡ ಜಗಳಾಡಬೇಕು?

ಅವನು ಓಣಿಯ ಕಡೆ ನೋಡುತ್ತ ಕೂತ. ಆಗ ಹೊಳೆಯಿತು ಉಪಾಯ. ಈ ಓಣಿಯ ಹೆಂಗಸರು ತಮಗಾಗಿ ಹೊಸಿಲು ದಾಟುವವರಲ್ಲ. ಇನ್ನೊಬ್ಬಳ ಜೋಡಿಗೆ ಬಾ ಎಂದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದರೂ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಾರೆ. ಬಳೆ ಇಡಿಸಿಕೊಳ್ಳಲು ಒಬ್ಬಳು ಹೊರಟರೆ ಜೋಡಿಗೆ ನಾಲ್ವರು.

ಭರಮಪ್ಪ ಹಿತ್ತಲ ಗೋಡೆಯ ಬಳಿ ಹೋಗಿ ಪಕ್ಕದ ಮನೆಯ ಮಾಣಿಕಬಾಯಿಯನ್ನು ಕರೆದ. ಕಾಕಾಸಾಹೇಬನ ಹೆಂಡತಿ, ಓಣಿಯಲ್ಲಿ ಆಕೆಯ ಮಾತು ಎಂದರೆ ಮಾತು.

"ವೈನಿ, ನಮ್ಮಾಕಿ ಡಾಕ್ಟರಬಾಯಿ ಕಡೆ ಹೋಗಬೇಕಂತಾಳ, ಖರೆ ಒಬ್ಬಾಕೀನ ಹೋಗಾಕ ಹೆದರಾಕತ್ತಾಳ. ನೀವು ಜೋಡಿಗೆ ಹೋದ್ರ ಭಾಳ ಉಪಕಾರ ಆಕ್ಕೈತಿ. ನಾ ಹೇಳೇನಂತ ಹೇಳಬ್ಯಾಡ್ರಿ, ನಾಚ್ಕೋತಾಳ."

ಮಾಣಿಕಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯ ಪಾಪ! ಬರ್ತೇನಿ ತಗೋರಿ, ಭರಮಪ್ಪಣ್ಣ."

ಅಲ್ಲಿಂದ ಒಳಗೆ ಬಂದವನೇ ಹೆಂಡತಿಗೆ ಅದೇ ಮಾತನ್ನು ತಿರುಗಿಸಿ ಹೇಳಿದ. ಮಾಣಿಕಬಾಯಿ ಹೆದರ್ಯಾರ, ಜೋಡಿಗೆ ಯಾರೂ ಇಲ್ಲ ಅಂತ ಕಣ್ಣೀರು ಹಾಕಾಕತ್ತಾರ.

"ಅಷ್ಟ ಗಟ್ಟಿ ಹೆಂಗಸು ಹೆದರ್ಯಾರ?" ಬಾಳವ್ವ ಕೈ ಒರೆಸಿಕೊಂಡು ಎದ್ದೇಬಿಟ್ಟಳು. "ಹಂಗಾರ ನಡೀರಿ. ನೀವೂ ಬರಬೇಕ ಮತ್ತ. ಗಾಡ್ಯಾಗ ಗಂಡಸರು ಒಬ್ರು ಬ್ಯಾಡೇನು?"

ಇಷ್ಟು ಸುಲಭವಾಗಿ ಗೆದ್ದದ್ದು ತನ್ನ ಬುದ್ಧಿಯ ಬಲದಿಂದಲೇ ಎಂದು ಭರಮಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಅಂಥ ಹೊತ್ತಿನಲ್ಲಿ ಮನುಷ್ಯ ಸ್ವಲ್ಪ ಹುಷಾರಾಗಿರಬೇಕು. ಆದರೆ ಮೀಸೆಯ ಮೇಲೆ ಕೈ ಇದ್ದಾಗ ಅದು ಯಾರಿಗೆ ತಿಳಿಯುತ್ತದೆ?

ಗಾಡಿಯ ಕಾಡಸಿದ್ದನಿಗೆ ಹೇಳಿ ಬರುವಷ್ಟರಲ್ಲಿ ಕಾಕಾಸಾಹೇಬ ಅರ್ಧ ಸುತ್ತಿದ ರುಮಾಲಿನಲ್ಲಿ ಓಡಿ ಬಂದ.

"ಭರಮಪ್ಪಾ, ನಮ್ಮ ಮನ್ಯಾಗ ಏನೋ ದೊಡ್ಡ ಬ್ಯಾನಿ ಅಂತಲ್ಲೋ? ಎದರ ಮನಿ ಮಾಯವ್ವ ಹೇಳಿದಳು. ನಿನಗ ಗೊತ್ತೈತಿ, ನನಗ ಗೊತ್ತಿಲ್ಲ!"

"ಏ, ನಿಮ್ಮವರಿಗೇನೂ ಇಲ್ಲೋ ಮಾರಾಯ! ಬ್ಯಾನಿ ನಮ್ಮಾಕೀಗೆ," ಎಂದ ಭರಮಪ್ಪ ಗಾಬರಿಯಲ್ಲಿ.

ಅದನ್ನು ನೀರು ತರುತ್ತಿದ್ದ ಮಾಯವ್ವ ಕೇಳಿಸಿಕೊಂಡಳು. ಅವಳ ಕೊಡ ಮನೆ ಮುಟ್ಟುವ ಮೊದಲೇ ಸುದ್ದಿ ಓಣಿ ಮುಟ್ಟಿತು. ಅಲ್ಲಪ್ಪನೆಂಬ ಮುದುಕ ದೇವರ ಅಂಗಾರದ ಬೂದಿ ತಂದು ಭರಮಪ್ಪನ ಹಣೆಗೆ ಬಳಿದು, ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತುಬಿಟ್ಟ.

"ಗಟ್ಟಿ ಆಗಪಾ. ನನ್ನ ಹೇಣತಿ ಹೋದಾಗ ನಾ ಹಿಂಗ ಕುಂತಿದ್ದೆ."

"ಕಾಕಾ, ನಮ್ಮಾಕಿ ಒಳಗ ತಲಿ ಬಾಚಾಕತ್ತಾಳರೀ!"

"ಹೂಂ, ಹೂಂ. ನನಗೂ ಹಿಂಗ ಅನಸ್ತಿತ್ತು," ಎಂದ ಅಲ್ಲಪ್ಪ, ಕೈ ಬಿಡಲಿಲ್ಲ.

ಗಾಡಿ ಬಂದಾಗ ಹತ್ತಬೇಕಾದ ಹೆಂಗಸರು ಇಬ್ಬರು, ಹತ್ತಿದವರು ಒಂಬತ್ತು ಜನ. ಮಾಯವ್ವ ಬಾಳವ್ವನ ಜೋಡಿಗೆ, ಯಮುನಾಬಾಯಿ ಮಾಣಿಕಬಾಯಿಯ ಜೋಡಿಗೆ, ಛಾಯಾ ಯಮುನಾಬಾಯಿಯ ಜೋಡಿಗೆ, ಉಳಿದವರು ಒಟ್ಟಾರೆ ಜೋಡಿಗೆ. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಎಲೆ-ಅಡಿಕೆಯ ಚಂಚಿ ಎಲ್ಲವೂ ಇದ್ದವು. ಸಾಯುವಂಥ ಬೇನೆಯವರನ್ನು ಒಯ್ಯುವ ಗಾಡಿಯಲ್ಲಿ ಇಷ್ಟು ನಗು ಹೇಗೆ ಎಂದು ಭರಮಪ್ಪನಿಗೆ ಒಮ್ಮೆ ಅನ್ನಿಸಿತು. ಆದರೆ ಅವನು ಮುಂದಿನ ಮೂಕಿಯ ಮೇಲೆ ಕಾಡಸಿದ್ದನ ಪಕ್ಕ ಅರ್ಧ ಕೂತು ಅರ್ಧ ಜೋತುಬಿದ್ದಿದ್ದರಿಂದ ಹೆಚ್ಚು ವಿಚಾರ ಮಾಡಲು ಆಗಲಿಲ್ಲ. ಎರಡು ಮೈಲಿ ಹಾದಿ ಅವನಿಗೆ ಇಪ್ಪತ್ತಾಯಿತು.

ದವಾಖಾನೆಯಲ್ಲಿ ಕಂಪೌಂಡರ ಕೃಷ್ಣಾತ ವಹಿ ತೆರೆದು ಲೇಖನಿ ಅದ್ದಿದ. "ಪೇಶಂಟ ಯಾರು?"

"ನಾ ಜೋಡಿಗೆ ಬಂದಾಕಿ," ಎಂದಳು ಬಾಳವ್ವ.

"ನಾನೂ ಜೋಡಿಗೆ," ಎಂದಳು ಮಾಣಿಕಬಾಯಿ.

"ನಾವೂ ಜೋಡಿಗೆ," ಎಂದರು ಏಳು ಜನ.

ಕೃಷ್ಣಾತ ಒಂಬತ್ತು ಮುಖಗಳನ್ನೂ ನೋಡಿ ಭರಮಪ್ಪನ ಕಡೆ ತಿರುಗಿದ. "ಅಣ್ಣಾ, ಗಾಡಿ ತುಂಬ ಜೋಡಿ ತಂದೀರಿ. ರೋಗಿ ಮನ್ಯಾಗ ಮರತ ಬಂದ್ರೇನು?"

ಭರಮಪ್ಪ ಯಾರ ಹೆಸರು ಹೇಳಬೇಕು? ಬಾಳವ್ವ ಎಂದರೆ ಬಾಳವ್ವ ಎದ್ದು ಗಾಡಿ ಹತ್ತುತ್ತಾಳೆ. ಮಾಣಿಕಬಾಯಿ ಎಂದರೆ ಇಡೀ ಓಣಿ ಅವನನ್ನು ಗಾಡಿಗೆ ಕಟ್ಟುತ್ತದೆ. "ಒಂದ ನಿಮಿಷ," ಎಂದವನು ಸೀದಾ ಡಾಕ್ಟರಬಾಯಿಯ ಕೋಣೆಗೆ ನುಗ್ಗಿದ.

ಬಿಳಿ ಸೀರೆಯ ಡಾಕ್ಟರಬಾಯಿ ಕನ್ನಡಕದ ಮೇಲಿಂದ ನೋಡಿದರು. "ಕಾಯ ಝಾಲಂ? ಏನಾತು?"

"ಬಾಯಿಸಾಹೇಬ್ರ, ನಾ ಸುಳ್ಳ ಹೇಳೇನ್ರಿ," ಎಂದ ಭರಮಪ್ಪ ಕೈ ಮುಗಿದು. ಒಂದೇ ಉಸಿರಿಗೆ ಕುರುಂದವಾಡದ ಕಥೆ, ಬೆಳಗಿನ ಕೆಮ್ಮು, ಎರಡೂ ಕಡೆ ಹೇಳಿದ ಸುಳ್ಳು, ಎಲ್ಲವನ್ನೂ ಕಕ್ಕಿದ. "ಹ್ಯಾಂಗರ ಮಾಡಿ ನಮ್ಮಾಕೀನ ಒಮ್ಮಿ ನೋಡಿಬಿಡ್ರಿ. ಅಕಿ ಇಲ್ಲದ ನನಗ ಬಾಳೇ ಇಲ್ಲರಿ. ಇದನ್ನ ಅಕೀಗೆ ಮಾತ್ರ ಹೇಳಬ್ಯಾಡ್ರಿ."

ಡಾಕ್ಟರಬಾಯಿ ಮೇಜಿನ ಮೇಲಿನ ವಹಿಯ ಹಿಂದಿನ ಪುಟ ತೆರೆದರು. "ಬಾಳವ್ವ ತಾನೇ? ಅವರನ್ನ ಹೋದ ಗುರುವಾರನ ನೋಡೇನಿ. ಗಂಟಿಲ್ಲ, ಗಡ್ಡಿಲ್ಲ, ತಬ್ಯೇತ ಛಲೋ ಐತಿ. ಬರೂ ವರ್ಷ ತಿರಗಿ ಬರಾಕ ಹೇಳೇನಿ. ಹೊರಗಿನವರೂ ಎಲ್ಲಾರೂ ಅವತ್ತ ತೋರಿಸ್ಯಾರ."

ಭರಮಪ್ಪ ಕೊಲ್ಲಾಪುರದ ಪೇಟೆಗೆ ಹೋಗಿದ್ದ ದಿನ ಅದು. ಅವನು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ. ಮೂರು ವರ್ಷದ ಭಾರ ಒಮ್ಮೆಲೇ ಇಳಿದರೆ ಮನುಷ್ಯ ಹಾಗೆಯೇ ಕುಸಿಯುತ್ತಾನೆ. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಸಂತೋಷಕ್ಕೆ ಇನ್ನೂ ನಾಲ್ಕು ಹನಿ ಬಂದವು, ಅವನ್ನೂ ಒರೆಸಿಕೊಂಡ. ಆಮೇಲೆ ಅವನಿಗೆ ಸಂಶಯ ಬಂತು.

"ಹಂಗಾರ ಇವತ್ತ ಇವರೆಲ್ಲಾ ಯಾಕ ಬಂದಾರ್ರಿ?"

"ಹೊರಗ ಹೇಳಿದ್ದು ಕೇಳ್ಲಿಲ್ಲೇನು? ಜೋಡಿಗೆ."

"ಯಾರ ಜೋಡಿಗೆ?"

"ನಿಮ್ಮ ಜೋಡಿಗೆ," ಎಂದು ಡಾಕ್ಟರಬಾಯಿ ಅವನ ತೋಳಿಗೆ ಪಟ್ಟಿ ಸುತ್ತಿದರು.

ಭರಮಪ್ಪ ಏಳಲು ನೋಡಿದ. ಬಾಗಿಲಲ್ಲಿ ಬಾಳವ್ವ ನಿಂತಿದ್ದಳು, ಅವಳ ಹಿಂದೆ ಎಂಟು ತಲೆಗಳು.

"ಇವತ್ತ ಹೆಂಗಸರ ದಿನ ಅಲ್ಲೇನ್ರಿ?"

"ಹೌದಲಾ! ಅದಕ್ಕ ಹೆಂಗಸರು ಹೇಳಿದಂಗ ನಡೀತೈತಿ," ಎಂದರು ಡಾಕ್ಟರಬಾಯಿ.

"ತೋರಿಸ್ಕೊಂಡ ಬಂದದ್ದ ಹೇಳಿದ್ದರ ನೀವು ನಿಶ್ಚಿಂತಿಯಿಂದ ಮನ್ಯಾಗ ಮಲಗತಿದ್ರಿ," ಎಂದಳು ಬಾಳವ್ವ. ಅವಳ ದನಿ ಅಷ್ಟು ಗಟ್ಟಿಯಾಗಿರಲಿಲ್ಲ. "ಅಕ್ಕ ಹೋದಾಗಿಂದ ನನ್ನ ಸೀನು, ಕೆಮ್ಮು ಎಣಿಸಿಕೋತ ಕುಂತೀರಿ. ನಾಕ ಪಾವಟಿಗಿ ಹತ್ತಿದ್ರ ನಿಮಗ ತೇಕ ಬರ್ತಾವು, ಅದನ್ನ ಎಣಸೋರ ಯಾರು? ನಿಮ್ಮನ್ನ ಇಲ್ಲಿಗಿ ತರ್ತೇನಂತ ಅವತ್ತ ಬಾಯಿಸಾಹೇಬ್ರಿಗೆ ಮಾತ ಕೊಟ್ಟ, ಹ್ಯಾಂಗ ತರೂದಂತ ಎಂಟ ದಿನ ತಲಿ ಕೆಡಿಸ್ಕೊಂಡಿದ್ದೆ. ದೇವರ ದಯೆ, ನೀವ ಗಾಡಿ ಹೂಡಿಸಿದ್ರಿ."

ಡಾಕ್ಟರಬಾಯಿ ರಬ್ಬರಿನ ಬುಗ್ಗೆ ಒತ್ತಿದರು, ತಕ್ಕಡಿಯ ಮೇಲೆ ನಿಲ್ಲಿಸಿದರು, ಎದೆಗೆ ನಳಿಗೆ ಇಟ್ಟು ಕೇಳಿದರು. ಹೆದರುವಂಥದ್ದೇನೂ ಇಲ್ಲ, ರಕ್ತದ ಒತ್ತಡ ಏರಿದೆ, ಮೈ ಬೆಳೆದಿದೆ. ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ದಿನಾ ಎರಡು ಮೈಲಿ ನಡಿಗೆ.

"ನಾಳಿಂದ ಶುರು ಮಾಡ್ತೇನ್ರಿ," ಎಂದ ಭರಮಪ್ಪ.

"ನಮ್ಮ ಊರು ಇಲ್ಲಿಂದ ಬರೋಬ್ಬರಿ ಎರಡ ಮೈಲಿ ಐತ್ರಿ ಬಾಯಿಸಾಹೇಬ್ರ," ಎಂದಳು ಮಾಣಿಕಬಾಯಿ.

ಸಂಜೆಯ ತಂಪಿನಲ್ಲಿ ಗಾಡಿ ಊರಿನ ಕಡೆ ಹೊರಟಿತು. ಒಳಗೆ ಒಂಬತ್ತು ಜನ ಹೆಂಗಸರು ರೊಟ್ಟಿಯ ಗಂಟು ಬಿಚ್ಚಿದ್ದರು. ಹಿಂದೆ ಭರಮಪ್ಪ ರುಮಾಲು ಕಂಕುಳಲ್ಲಿಟ್ಟು ಧೂಳು ಕುಡಿಯುತ್ತ ನಡೆಯುತ್ತಿದ್ದ. ಕಾಲು ನೋಯುತ್ತಿತ್ತು; ಆದರೆ ಗಾಡಿಯ ಹಿಂಬದಿಗೆ ಕೂತ ಬಾಳವ್ವನ ಗಟ್ಟಿಮುಟ್ಟಾದ ಮುಖ ಕಂಡು ಮನಸ್ಸು ತುಂಬಿತ್ತು. ಒಂದು ಮೈಲಿ ಕಳೆದ ಮೇಲೆ ಅವನು ದನಿ ಇಳಿಸಿ ಕೇಳಿದ.

"ಒಂದ ಫರ್ಲಾಂಗ ಹತ್ತಿಸ್ಕೋತೀರೇನು?"

"ಬ್ಯಾಡ್ರಿ!" ಎಂದರು ಒಂಬತ್ತೂ ಜನ. ಕಾಡಸಿದ್ದ ಎತ್ತುಗಳ ಬಾಲ ಮುಟ್ಟಿದ. ಗಾಡಿ ಚುರುಕಾಯಿತು, ಭರಮಪ್ಪನೂ ಆದ.