ತಲೆಹೊಟ್ಟಿನ ಮಾತಿಗೂ ಬಿಲ್ಲು ಹಾಕಿದ ವಕೀಲರಿಗೆ

ಮಾನ್ಯ ವಕೀಲ ಮಹಾಶಯರೇ,

ತಮ್ಮ ನೆತ್ತಿಯ ಮೇಲೆ ಇನ್ನೂ ಉಳಿದುಕೊಂಡಿರುವ ಕೂದಲುಗಳಿಗೆ ದೀರ್ಘಾಯುಷ್ಯ ಕೋರುತ್ತಾ, ಅವುಗಳ ಬಹುಕಾಲದ ಸೇವಕನೂ ಮೂಲೆಯಂಗಡಿಯ ಕ್ಷೌರಿಕನೂ ಆದ ನಾನು, ಬಂದು ಹೋಗುವವರೆಲ್ಲ ಓದಲೆಂದು ಅಂಗಡಿಯ ಕನ್ನಡಿಗೆ ಅಂಟಿಸಿರುವ ಪತ್ರವಿದು.

ನನ್ನ ಕೋರಿಕೆ ಬೆರಳುದ್ದದ್ದು. ನಾನು ಕಣ್ಣು ಮುಚ್ಚಿದ ಮೇಲೆ ಎರಡು ಕುರ್ಚಿಯ ಈ ಅಂಗಡಿ, ಎರಡನೇ ಕುರ್ಚಿಯಲ್ಲಿ ನನಗಿಂತ ಚೆನ್ನಾಗಿ ಕತ್ತರಿ ಆಡಿಸುವ ತಂಗಿಯ ಮಗಳಿಗೆ ಸೇರಬೇಕು. ಅದನ್ನು ಮಾರಿಬಿಡುವ ಹಂಬಲದಲ್ಲಿ ನನ್ನ ಕೆಮ್ಮನ್ನು ಆಸೆಯಿಂದ ಎಣಿಸುತ್ತಿರುವ ಅಣ್ಣನಿಗಲ್ಲ. ಅದಕ್ಕೊಂದು ಉಯಿಲು ಬರೆಸಲು ತಮ್ಮ ಕಚೇರಿಗೆ ಬಂದೆ, ಬಂದು ಬಾಯಿ ಬಿಟ್ಟೆ. ನಮ್ಮ ಕಸುಬಿನಲ್ಲಿ ಕೂದಲಿಗೆ ಕಾಸು, ಮಾತು ಪುಕ್ಕಟೆ. ತಮ್ಮಲ್ಲಿ ಮಾತಿಗೇ ಮೀಟರು ಓಡುತ್ತದೆಂದು ನನಗೇನು ಗೊತ್ತು? ತಮ್ಮ ತಲೆಹೊಟ್ಟು ಕಂಡು ಕರುಳು ಚುರುಕ್ಕೆಂದು ಅರ್ಧ ಗಂಟೆ ಮದ್ದು ಹೇಳಿದೆ, ತಾವು ಶ್ರದ್ಧೆಯಿಂದ ಬರೆದುಕೊಂಡಿರಿ. ಅದೀಗ 'ಕಕ್ಷಿದಾರರೊಂದಿಗೆ ಸಮಾಲೋಚನೆ' ಎಂದು ನನ್ನ ಲೆಕ್ಕಕ್ಕೇ ಬಿದ್ದಿದೆ. ವೈದ್ಯನೇ ರೋಗಿಗೆ ಫೀಸು ಕೊಡುವ ಈ ಪದ್ಧತಿಯನ್ನು ಕಂಡುಹಿಡಿದ ಪ್ರತಿಭೆಗೆ ಉದ್ದಂಡ ನಮಸ್ಕಾರ.

ಇನ್ನು ತಮ್ಮ ದೂರದೃಷ್ಟಿ! 'ತಂಗಿಯ ಮಗಳು ನಿಮಗಿಂತ ಮೊದಲೇ ತೀರಿಕೊಂಡರೆ?' ಎಂದಿರಿ. ಆಮೇಲೆ ತಂಗಿ, ಭಾವ, ಚಿಕ್ಕಪ್ಪನ ಮಕ್ಕಳು. ಚಹಾ ಆರುವಷ್ಟರಲ್ಲಿ ನನ್ನ ಇಡೀ ಬಳಗವನ್ನು ಸಾಲಾಗಿ ಮೇಲಕ್ಕೆ ಕಳಿಸಿದಿರಿ, ಸಾವಿಗೊಂದು ಪ್ಯಾರಾ, ಪ್ಯಾರಾಕ್ಕೊಂದು ದರ. ಕರಡು ಓದಿದ ಹುಡುಗಿ, "ಮಾವಾ, ಮೂರನೇ ಪುಟದಲ್ಲಿ ನಾನು ಸತ್ತೋಗಿದೀನಿ, ಇವತ್ತು ಅಂಗಡಿ ಬಾಗಿಲು ತೆಗೀಲೋ ಬೇಡ್ವೋ?" ಎಂದು ನಕ್ಕಳು. ಬಿಲ್ಲು ಓದಿದ ಮೇಲೆ ನಗಲಿಲ್ಲ. "ಇದನ್ನ ಕಟ್ಟೋಕೆ ಅಂಗಡೀನೇ ಮಾರ್ಬೇಕು. ಆಮೇಲೆ ನಂಗೇನು ಬರೆದುಕೊಡ್ತೀಯ, ಬಾಚಣಿಗೇನಾ?"

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ನನಗೆ ಕಂತಿನಲ್ಲಿ ಸಾಯಲು ಅನುಮತಿ ನೀಡಬೇಕು; ಆಗದಿದ್ದರೆ, ಇಷ್ಟು ವರ್ಷ ನಮ್ಮ ಕುರ್ಚಿಯಲ್ಲಿ ಒರಗಿ ತಾವು ಬೀಗರ ಮೇಲೆ ಹೇಳಿಕೊಂಡ ದೂರುಗಳನ್ನೆಲ್ಲ ಕೇಳಿಸಿಕೊಂಡ ನನ್ನ ಕಿವಿಗಳಿಗೆ ತಮ್ಮದೇ ದರದಲ್ಲಿ ಬಾಡಿಗೆ ಪಾವತಿಸಬೇಕು.

ತಮ್ಮ ಉತ್ತರ ಬರುವ ತನಕ ನನ್ನ ಕೆಮ್ಮು ಕಾಯುತ್ತದೆಂಬ ಭರವಸೆ ಇಲ್ಲದ್ದರಿಂದ, ಆ ಬಿಲ್ಲಿನ ಖಾಲಿ ಬೆನ್ನ ಮೇಲೆ ನಾನೇ ಎರಡು ಸಾಲಿನ ಉಯಿಲು ಬರೆದು ಸಹಿ ಹಾಕಿದ್ದೇನೆ. ಸರದಿಗೆ ಕೂತಿದ್ದ ಪೋಸ್ಟ್‌ಮನ್ನೂ, ಮುಖದ ತುಂಬ ನೊರೆ ಇದ್ದ ಮೇಷ್ಟರೂ ಸಾಕ್ಷಿ. ಅದರಂತೆ ಅಂಗಡಿ ತಂಗಿಯ ಮಗಳಿಗೆ. 'ಅಣ್ಣನಿಗೂ ಏನಾದರೂ ಬರೆಯಿರಿ, ಇಲ್ಲದಿದ್ದರೆ ತಕರಾರು ತೆಗೆದಾನು' ಎಂದು ತಾವು ದುಡ್ಡು ತೆಗೆದುಕೊಂಡೇ ಹೇಳಿದ ಹಿತವಚನವನ್ನು ಮರೆಯಲಾದೀತೆ? ಹಾಳೆಯ ಇನ್ನೊಂದು ಮಗ್ಗುಲು, ಅಂದರೆ ಆ ಬಿಲ್ಲು, ಪೂರ್ತಿಯಾಗಿ ಅವನಿಗೆ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಬದುಕಿರುವ ಮೂಲೆಯಂಗಡಿಯವನು

ವಿ.ಸೂ.: ಶನಿವಾರ ಎಂದಿನಂತೆ ಗಡ್ಡ ಹೆರೆಸಲು ದಯಮಾಡಿಸುವಿರಷ್ಟೆ? ಕತ್ತಿ ಹಿಡಿಯುವವಳು ನಾಳಿನ ಯಜಮಾನಿ. ನೊರೆ ಹಚ್ಚುವ ಮೊದಲು ತಮ್ಮಿಂದಲೇ ಕಲಿತ ಒಂದು ಪ್ರಶ್ನೆ ಕೇಳಬೇಕಂತೆ ಅವಳು: ಕ್ಷೌರ ಮುಗಿಯುವ ಮೊದಲೇ ಗಿರಾಕಿ ತೀರಿಕೊಂಡರೆ ದುಡ್ಡು ಯಾರು ಕೊಡುತ್ತಾರೆ?