ನವನಗರದ ಜೇಡನ ಪಟ್ಟು

ಮರ್ಯಾದಸ್ತರಿಗೆ ಕುಸ್ತಿ ಕಲಿಸುವ ಕಷ್ಟ ನನ್ನ ವೈರಿಗೂ ಬೇಡ. ವಾರಕ್ಕೊಂದಾದರೂ ಫಜೀತಿ ಆಗದೆ ಇರುವುದಿಲ್ಲ.

ನವನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಹಾಲ್‌ನಲ್ಲಿ ನಾನು ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಸುತ್ತೇನೆ. ನೆಲದ ಮೇಲೆ ಹೊರಳಾಡಿ ಎದುರಾಳಿಯನ್ನು ಕಟ್ಟಿಹಾಕುವ ಕುಸ್ತಿ ಇದು. ಬೆನ್ನು ನೆಲಕ್ಕೆ ಹತ್ತಿದರೆ ಇಲ್ಲಿ ಸೋಲಲ್ಲ. ಇದನ್ನು ಒಪ್ಪದವರು ಒಬ್ಬರೇ, ನನ್ನ ಶಿಷ್ಯೆ, ಶಾಲೆಯ ಟೀಚರ್ ಒಬ್ಬರಿದ್ದಾರೆ, ಅವರ ಅಪ್ಪ. ಗರಗ ಊರಿನ ಹಳೇ ಪೈಲವಾನರು. "ಬೆನ್ನ ಹತ್ತಿದ ಮ್ಯಾಲೆ ಇನ್ನೇನ ಕುಸ್ತಿ? ಬರೋ ಪಂದ್ಯದಾಗ ಗೆದ್ದ ತೋರಸು, ಇಲ್ಲಂದ್ರ ಕ್ಲಾಸ್ ಬಂದ್" ಎಂದು ಮಗಳಿಗೆ ಹೇಳಿಬಿಟ್ಟಿದ್ದರು. ಟೀಚರಿಗೋ ಈ ಕ್ಲಾಸೆಂದರೆ ಪ್ರಾಣ.

ಕಾಲು ತಾಗಿತ್ರಿ

ಜೇಡನ ಪಟ್ಟು ಅಂತ ಒಂದಿದೆ. ಬೆನ್ನ ಮೇಲೆ ಮಲಗಿ ಎದುರಿನವರ ಎರಡೂ ಅಂಗಿತೋಳು ಬಿಗಿಯಾಗಿ ಹಿಡಿದು, ಎರಡೂ ಪಾದ ಅವರ ರಟ್ಟೆಗೆ ಒತ್ತಬೇಕು. ಆಮೇಲೆ ಅವರು ಹತ್ತಿರ ಬರಲಾರರು, ದೂರ ಹೋಗಲಾರರು.

ಟೀಚರಿಗೆ ಜೋಡಿಯಾಗಿ ಸಿಕ್ಕವರು ಗ್ಯಾರೇಜಿನ ಚಾಚಾ, ಐವತ್ತು ದಾಟಿದವರು. ಟೀಚರ್ ಪಾದ ಇಟ್ಟರು. ಇಟ್ಟವರೇ, "ಅಯ್ಯ, ಕಾಲ ತಾಗಿತ್ರಿ ಚಾಚಾ!" ಎಂದು ಹಿಡಿದ ತೋಳು ಬಿಟ್ಟು, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಚಾಚಾ ಪಾರು.

"ಕಾಲ ತಾಗಬೇಕ್ರಿ, ಅದ ಪಟ್ಟು" ಎಂದೆ. ಮತ್ತೆ ಪಾದ, ಮತ್ತೆ ನಮಸ್ಕಾರ. ಕೊನೆಗೆ ಚಾಚಾನೇ ದಾರಿ ಹುಡುಕಿದರು: "ಮೊದಲ ಹತ್ತ ನಮಸ್ಕಾರ ಮಾಡಿಬಿಡು ಬೇಟಿ, ಆಮ್ಯಾಲೆ ಹತ್ತ ಸಲ ಒದಿ."

ಹತ್ತು ಸಲ ಛಲೋ ನಡೆಯಿತು. ಹನ್ನೊಂದನೆಯ ಸಲ ಟೀಚರ್ ಮತ್ತೆ ಕೈ ಬಿಟ್ಟರು.

ಶಾಬಾಶ್

ಸೋತವರು ಎದುರಿನವರ ಮೈ ತಟ್ಟಬೇಕು, ತಟ್ಟಿದ ಕೂಡಲೇ ಹಿಡಿತ ಸಡಿಲಿಸಬೇಕು. ಈ ಪಾಠದ ದಿನ ಟೀಚರ್ ಬಂದಿರಲಿಲ್ಲ.

ಮರುದಿನ ಚಾಚಾನ ಕುತ್ತಿಗೆ ಟೀಚರ್ ಕಾಲುಗಳ ನಡುವೆ ಸಿಕ್ಕಿತು. ಚಾಚಾ ಅವರ ಮೊಣಕಾಲು ತಟ್ಟಿದರು. ಟೀಚರ್ ಅದನ್ನು ಶಾಬಾಶ್ ಎಂದುಕೊಂಡು ನಾಚಿ, "ಎಲ್ಲಾ ಸರ್ ಕಲಿಸಿದ್ದರಿ ಚಾಚಾ" ಎಂದು ಇನ್ನಷ್ಟು ಬಿಗಿದರು. ಚಾಚಾ ಜೋರಾಗಿ ತಟ್ಟಿದರು. ಟೀಚರಿಗೆ ಇನ್ನೂ ಹುರುಪು. ನಾನು ಓಡಿಬಂದು ಬಿಡಿಸಿದೆ.

ಚಾಚಾ ಕೆಮ್ಮುತ್ತ ಹೇಳಿದರು: "ನಾ ಸತ್ತಿದ್ರೂ ಈಕಿ 'ನಿಮ್ಮ ಆಶೀರ್ವಾದ' ಅಂತಿದ್ಲು!"

ಗೆದ್ದಂಗ

ಕಡೆಗೆ ಆ ಪಂದ್ಯ ಬಂತು. ಧಾರವಾಡದಲ್ಲೇ ಇತ್ತು. ಪೈಲವಾನರು ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಎದುರಾಳಿ ಬೆಳಗಾವಿಯ ಹುಡುಗಿ.

ಟೀಚರ್ ಬೆನ್ನ ಮೇಲೆ ಮಲಗಿದ್ದೇ ತಡ, ಪೈಲವಾನರು "ಬಿತ್ತು!" ಎಂದು ಮುಖ ಮುಚ್ಚಿಕೊಂಡರು.

"ಬಿದ್ದಿಲ್ರಿ ಯಜಮಾನ್ರ, ಹಿಡದಾರ. ನೋಡ್ರಿ" ಎಂದೆ.

ನೋಡಿದರು. ಬೆಳಗಾವಿಯ ಹುಡುಗಿ ಎಡಕ್ಕೆ ಜಿಗಿದಳು, ಬಲಕ್ಕೆ ಜಿಗಿದಳು, ಹಿಂದಕ್ಕೆ ಜಗ್ಗಿದಳು. ತೋಳು ಟೀಚರ್ ಕೈಯಲ್ಲಿ, ರಟ್ಟೆ ಟೀಚರ್ ಪಾದದಲ್ಲಿ. ಪೈಲವಾನರು ನಿಧಾನಕ್ಕೆ ಎದ್ದು ನಿಂತರು. "ಹಿಡಿಯವ್ವಾ! ಹಂಗ ಹಿಡಿ!" ಎಂದು ಕೂಗಿದರು. ನನಗೆ ಕಣ್ಣು ತುಂಬಿ ಬಂತು.

ಅಂಕದಲ್ಲಿ ಟೀಚರ್ ಮುಂದಿದ್ದರು. ಇನ್ನು ಅರ್ಧ ನಿಮಿಷ ಹಾಗೇ ಹಿಡಿದುಕೊಂಡಿದ್ದರೆ ಸಾಕಿತ್ತು. ನನಗೆ ಖುಷಿ ತಡೆಯಲಾಗಲಿಲ್ಲ. ಕೂಗಿದೆ:

"ಇನ್ನ ಗೆದ್ದಂಗ ಬಿಡ್ರಿ!"

ಟೀಚರ್ ಶಿಸ್ತಿನ ಹೆಣ್ಣುಮಗಳು. ಸರ್ ಬಿಡ್ರಿ ಅಂದರು, ಬಿಟ್ಟರು. ಎರಡೂ ಕೈ, ಒಟ್ಟಿಗೆ. ಮರುಗಳಿಗೆಯಲ್ಲಿ ಬೆಳಗಾವಿಯ ಹುಡುಗಿ ಅವರ ಎದೆಯ ಮೇಲೆ ಕೂತಿದ್ದಳು. ಅಂಕ ಅವಳ ಪಾಲಾಯಿತು, ಪಂದ್ಯ ಹೋಯಿತು.

"ನೀವ ಬಿಡ್ರಿ ಅಂದ್ರಲ್ಲರಿ ಸರ್!" ಎಂದು ಟೀಚರ್ ಅಳತೊಡಗಿದರು. ಪೈಲವಾನರು ದಾಪುಗಾಲು ಹಾಕಿಕೊಂಡು ನನ್ನತ್ತಲೇ ಬಂದರು. ನಾನು ಕೈ ಮುಗಿದೆ.

"ತಪ್ಪ ನಂದ್ರಿ ಯಜಮಾನ್ರ. ಟೀಚರ್ನ ಕ್ಲಾಸ್ ಬಿಡಸಬ್ಯಾಡ್ರಿ."

"ಆಕಿನ್ನ ಯಾಕ ಬಿಡಸ್ಲಿ? ಆಕಿ ಗಟ್ಟಿ ಹಿಡದಿದ್ಲು, ಬಿಡಿಸಿದವ್ರು ನೀವು!" ಎಂದು ಗುಡುಗಿದರು. ಆಮೇಲೆ ತಮ್ಮ ಸಂಚಿಯನ್ನೇ ತೆಗೆದು ನನ್ನ ಕೈಗೆ ಹಾಕಿದರು. "ಮುಂದಿನ ಪಂದ್ಯಕ್ಕೂ ಆಕಿನ್ನ ನಾನ ಕರಕೊಂಡ ಬರ್ತೇನಿ. ನೀವು ಬಾಯಿತುಂಬ ಎಲಿ-ಅಡಿಕಿ ಹಾಕ್ಕೊಂಡ ಕೂಡ್ರಿ!"